ತೊಗಟೆಯಿಲ್ಲದ ಮರ

ಬುಧವಾರ, ಮಧ್ಯಾಹ್ನ

ನನ್ನ ಮೊಂಡಿಗೆ,

ಅಮ್ಮನ ಪ್ರೀತಿ ಮೊದಲು, ಬೈಗುಳ ಆಮೇಲೆ. ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲವಲ್ಲ ಎಂದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುತ್ತೀಯ. ಅದರ ಮಾತು ಕೊನೆಗೆ. ಮೊದಲು ನಿನ್ನ ಮರದ ವಿಷಯ.

ಸಸ್ಯ ಸಂಗ್ರಹಾಲಯದಲ್ಲಿ ಒಣಗಿದ ಎಲೆಗಳನ್ನು ಹಾಳೆಗೆ ಹೊಲಿಯುತ್ತಾ, ಅವುಗಳ ಹೆಸರು ಹುಡುಕುತ್ತಾ ತಲೆ ನರೆಸಿಕೊಂಡವಳು ನಾನು. ನೀನೋ, ಸರ್ವೆಯರ್ ಆಗಿ ಸರಪಳಿ ಹಿಡಿದು ಬೆಟ್ಟಗುಡ್ಡವೆಲ್ಲ ಅಲೆದರೂ ಇಷ್ಟು ವರ್ಷದಲ್ಲಿ ಒಂದು ಹುಲ್ಲುಕಡ್ಡಿಯ ಹೆಸರನ್ನೂ ನನ್ನನ್ನು ಕೇಳಿದವಳಲ್ಲ. ಹಾಗಿರುವಾಗ 'ಅಮ್ಮಾ, ಇದು ಯಾವ ಮರ' ಎಂಬ ಪತ್ರ ಬಂತು. ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ ತೋರಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಮ್ಮ ಗುಮಾಸ್ತರು ನಕ್ಕರು. ನಗಲಿ, ಅವರಿಗೇನು ಗೊತ್ತು.

ಆ ಮೊದಲ ಪತ್ರದಲ್ಲಿ ಇದ್ದದ್ದು ಇಷ್ಟೇ: ಗರಿಯೊಳಗೊಂದು ಗರಿ ಇಟ್ಟಂಥ ಎಲೆ, ಸಂಜೆಯಾದರೆ ಮಡಚಿಕೊಳ್ಳುತ್ತದೆ. ಅದು ಮಳೆಮರ ಕಣೇ, ಬೀದಿಗೊಂದು ಇರುತ್ತದೆ ಎಂದು ಬರೆದು ಕೈ ತೊಳೆದುಕೊಂಡೆ. ನೀನು ಬಿಡುವವಳೇ? ಎರಡನೆಯ ಪತ್ರದಲ್ಲಿ, 'ಇಲ್ಲಮ್ಮಾ, ಇದರ ಎಲೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ, ಕೊಂಬೆಗೆ ಹಸಿರು ಹೊಗೆ ಸುತ್ತಿಕೊಂಡ ಹಾಗಿದೆ' ಎಂದೆ. ಅಷ್ಟು ಸಣ್ಣ ಎಲೆ ಮಳೆಮರದ್ದಲ್ಲ. ನನಗೆ ಆಸೆ ಹುಟ್ಟಿತು. ತೊಗಟೆ ಹೇಗಿದೆ, ಬುಡ ಎಷ್ಟು ದಪ್ಪ, ಉದುರಿದ ಒಂದು ಎಲೆಯನ್ನಾದರೂ ಲಕೋಟೆಯಲ್ಲಿ ಹಾಕಿ ಕಳಿಸಬಾರದೇ, ಅಳತೆ ಟೇಪು ಸೊಂಟದಲ್ಲಿಟ್ಟುಕೊಂಡು ತಿರುಗುವವಳಿಗೆ ಇಷ್ಟು ಸೋಮಾರಿತನವೇ ಎಂದು ಗದರಿಸಿ ಬರೆದೆ.

ಮೂರನೆಯ ಪತ್ರ ಬಂತು. ತೊಗಟೆಯ ಮಾತಿಲ್ಲ, ಎಲೆಯೂ ಇಲ್ಲ. ಬದಲಿಗೆ, ಉದ್ದ ತೊಟ್ಟಿನ ತುದಿಯಲ್ಲಿ ಚೆಂಡಿನಂಥ ಹೂಗಳು ಜೋತಾಡುತ್ತವೆ, ಮಬ್ಬುಗತ್ತಲಾದರೆ ಅರಳುತ್ತವೆ, ಬಾವಲಿಗಳು ಬಂದು ನೇತುಬೀಳುತ್ತವೆ, ಆ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದು ಬರೆದಿದ್ದೆ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಮೊಂಡಿ, ಅದು ಅಪರೂಪದ ಮರ. ಅದರಲ್ಲಿ ಒಂದನ್ನೊಂದು ಹೋಲುವ ಎರಡು ಜಾತಿಗಳಿವೆ: ಒಂದರ ತೊಗಟೆ ಒರಟು, ಇನ್ನೊಂದರದು ನುಣುಪು. ನುಣುಪಿನದು ನಿಮ್ಮ ಕಡೆ ಕಂಡದ್ದಕ್ಕೆ ನಮ್ಮ ಕಪಾಟಿನಲ್ಲಿ ಒಂದು ಹಾಳೆಯೂ ಇಲ್ಲ. ತೊಗಟೆ ಮುಟ್ಟಿ ನೋಡಬೇಕು, ಇಲ್ಲವೇ ಕಾಯಿ ಬರುವವರೆಗೆ ಕಾದಿರಬೇಕು.

ಮರದ ಗುರುತು ಹಿಡಿಯುವಾಗ ಮರವನ್ನಷ್ಟೇ ನೋಡಿದರೆ ಸಾಲದು. ನೋಡಿದವರು ಎಲ್ಲಿ ನಿಂತು ನೋಡಿದರು ಎಂಬುದನ್ನೂ ತಿಳಿಯಬೇಕು. ಅದಕ್ಕೇ ನಿನ್ನ ಮೂರೂ ಪತ್ರಗಳನ್ನು ಅಕ್ಕಪಕ್ಕ ಹರಡಿಕೊಂಡು ಕೂತೆ. ನೀನು ಬರೆದದ್ದೆಲ್ಲ ಮರದ ನೆತ್ತಿಯ ಮಾತು. ನೆಲದ ಮೇಲೆ ನಿಂತವರಿಗೆ ಮೊದಲು ಕಾಣುವುದು ಬುಡ. ಬುಡವೇ ಇಲ್ಲದ ಮರವನ್ನು ಕಾಣಬೇಕಾದರೆ ಮಹಡಿಯ ಕಿಟಕಿಯಿಂದ ಕಾಣಬೇಕು. ಹಗಲಿನ ಹಸಿರು ಹೊಗೆಯೂ ಅದೇ ಕೊಂಬೆಯದು, ಸಂಜೆ ಮಡಚುವ ಎಲೆಯೂ ಅದೇ ಕೊಂಬೆಯದು, ಮಬ್ಬುಗತ್ತಲ ಹೂವೂ ಅದೇ ಕೊಂಬೆಯದು. ಹಗಲೆಲ್ಲ ಬಿಸಿಲಲ್ಲಿ ತಿರುಗುವ ನನ್ನ ಮಗಳು ಒಂದೇ ಕಿಟಕಿಯ ಮುಂದೆ ಏನು ಮಾಡುತ್ತಿದ್ದಾಳೆ?

ಬರಹವೆಲ್ಲ ಪೆನ್ಸಿಲ್ಲಿನದು. ಸರ್ವೆಯವರ ಅಭ್ಯಾಸ ಎಂದುಕೊಂಡಿದ್ದೆ. ಆದರೆ ಅಂಗಾತ ಮಲಗಿ ಬರೆಯುವವರಿಗೂ ಪೆನ್ಸಿಲ್ಲೇ ಬೇಕು, ಪೆನ್ನಿನ ಶಾಯಿ ಇಳಿಯುವುದಿಲ್ಲವಲ್ಲ. ಬೆಟ್ಟದಲ್ಲಿದ್ದೇನೆ ಎಂದು ನೀನು ಬರೆದೆ, ಅಂಚೆಮುದ್ರೆಯಲ್ಲಿ ನಿಮ್ಮ ಊರಿನ ಹೆಸರೇ ಇತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು.

ಅಳಿಯಂದಿರಿಗೆ ಫೋನ್ ಮಾಡಿದೆ. ಊಟ ಆಯಿತೇ ಅಂತ ಮಾತ್ರ ಕೇಳಿದ್ದು. 'ಅವಳು ಚೆನ್ನಾಗೇ ಇದಾಳೆ ಅತ್ತೆ, ಏನೂ ಆಗಿಲ್ಲ, ಬೆಟ್ಟದಲ್ಲಿ ಸಿಗ್ನಲ್ ಸಿಗಲ್ಲ ಅಷ್ಟೇ' ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವರನ್ನು ಬೈಯಬೇಡ, ಸುಳ್ಳು ಹೇಳಲು ಬಾರದ ಗಂಡ ಸಿಕ್ಕಿದ್ದು ನಿನ್ನ ಪುಣ್ಯ.

ಕಾಲು ಮುರಿದಿದ್ದರೆ ನೀನು ಜಂಬದಿಂದ ಬರೆಯುತ್ತಿದ್ದೆ. ಜ್ವರವಾಗಿದ್ದರೆ ಕಷಾಯ ಕೇಳುತ್ತಿದ್ದೆ. ನನ್ನಿಂದ ನೀನು ಮುಚ್ಚಿಡುವುದು ಒಂದೇ ಒಂದು.

ಯಾಕೆ ಮುಚ್ಚಿಟ್ಟೆ ಎಂದು ಕೇಳುವುದಿಲ್ಲ, ಗೊತ್ತು. ಹಿಂದೆ ಎರಡು ಸಲವೂ ಸುದ್ದಿ ಕೇಳಿದ ವಾರವೇ ನಾನು ಉಣ್ಣೆ ತಂದು ಕೂತೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿದ್ದಿರಬೇಕು. ಎರಡು ಸಲವೂ ಆಗಬಾರದ್ದು ಆದಾಗ, ಕಳೆದುಕೊಂಡ ನೀನೇ ಎದ್ದು ಕೂತು ನನ್ನ ಕಣ್ಣೀರು ಒರೆಸಿದೆ. ಈ ಸಲ ನಿನ್ನ ಭಯದ ಜೊತೆಗೆ ನನ್ನದನ್ನೂ ಹೊರಲು ನಿನ್ನಿಂದಾಗದು. ಆದರೂ ನಿನಗೆ ಅಮ್ಮ ಬೇಕು ಅನ್ನಿಸಿತು. ದನಿ ಕೇಳಿದರೆ ಸಿಕ್ಕಿಬೀಳುತ್ತೇನೆಂದು ಫೋನು ಬಿಟ್ಟೆ, ಪೆನ್ಸಿಲ್ ಹಿಡಿದೆ, ಕಿಟಕಿಯಾಚೆ ಕಂಡ ಮರದ ಹೆಸರು ಕೇಳಿದೆ. ಇದು ನನಗೆ ಹೊಳೆದ ದಿನ ಕಚೇರಿಯಲ್ಲೇ ಅತ್ತೆ ಕಣೇ. ಅತ್ತು ಮುಗಿಸಿದ್ದೇನೆ. ನಿನ್ನ ಮುಂದೆ ಅಳುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಕಾಯಿ ಕಾಣದೆ ಯಾವ ಗಿಡದ ಹೆಸರನ್ನೂ ಶಾಯಿಯಲ್ಲಿ ಬರೆಯುವುದಿಲ್ಲ. ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ ಗುರುತು ಹಾಕಿ, ಬೆಚ್ಚಗೆ ಕಪಾಟಿನಲ್ಲಿಟ್ಟು ಕಾಯುತ್ತೇವೆ. ಅದರ ಬಗ್ಗೆ ಯಾರಿಗೂ ಹೇಳಿಕೊಂಡು ತಿರುಗುವುದಿಲ್ಲ. ನಾನೂ ಹಾಗೆಯೇ ಇರುತ್ತೇನೆ. ಉಣ್ಣೆ ಮುಟ್ಟುವುದಿಲ್ಲ, ತಿಂಗಳು ಕೇಳುವುದಿಲ್ಲ, ಡಾಕ್ಟರು ಏನಂದರು ಎಂದೂ ಕೇಳುವುದಿಲ್ಲ. ನೀನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಇಲ್ಲವಾದರೆ ಇಬ್ಬರೂ ಮರದ ಮಾತಾಡೋಣ, ಅದರಲ್ಲೇನು ಕಡಿಮೆ ಮಾತಿದೆಯೇ?

ಹೊಟ್ಟೆ ತುಂಬ ಉಣ್ಣು. ಎಡಮಗ್ಗುಲಿಗೆ ಮಲಗು.

ನಿನ್ನ
ಅಮ್ಮ

ಅಂಚೆಚೀಟಿಯ ಮಾತು: ಇವತ್ತು ಬೆಳಗಿನ ಬಸ್ಸಿಗೆ ನಿಮ್ಮೂರಿಗೆ ಬಂದಿಳಿದೆ. ಆಟೊದವನಿಗೆ, ಸಂಜೆ ಬಾವಲಿ ಬರುವ, ಚೆಂಡುಹೂ ಜೋತಾಡುವ ಮರದ ಹತ್ತಿರ ಬಿಡಪ್ಪಾ ಅಂದೆ. 'ಹೆರಿಗೆ ಆಸ್ಪತ್ರೆ ಹಿಂದಿರೋದಾ? ಹತ್ತಿ ಅಮ್ಮಾ' ಅಂದ. ಈಗ ಅದರ ಬುಡದಲ್ಲೇ ಕೂತು ಬರೆಯುತ್ತಿದ್ದೇನೆ. ತೊಗಟೆ ನುಣುಪು, ಮೊಂಡಿ. ಅಂಗೈಯಿಟ್ಟು ಸವರಿ ಸವರಿ ನೋಡಿದೆ, ನುಣುಪೇ. ಹೆಸರನ್ನು ಪೆನ್ಸಿಲ್ಲಿನಿಂದ ಬರೆದುಕೊಂಡಿದ್ದೇನೆ. ಇನ್ನು ಕಾಯಿ ಕಾಯುವ ಕೆಲಸ ನಿನ್ನದು. ಅದಕ್ಕೆಂದು ಕಚೇರಿಯ ದುರ್ಬೀನು ತಂದಿದ್ದೇನೆ. ಈ ಪತ್ರ ತಂದುಕೊಟ್ಟ ನರ್ಸಮ್ಮನ ಹತ್ತಿರ 'ಈಗ ಬೇಡ' ಅಂತ ಹೇಳಿ ಕಳಿಸಿದರೆ, ದುರ್ಬೀನು ಅವರ ಕೈಲಿ ಕೊಟ್ಟು ಸಂಜೆಯ ಬಸ್ಸಿಗೆ ಹೊರಡುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಬರಲಿ ಅನ್ನಿಸಿದರೆ ಕಿಟಕಿಯ ಪರದೆಯನ್ನು ಒಂದಿಷ್ಟು ಅಲ್ಲಾಡಿಸು, ಸಾಕು. ಮಲಗಿದಲ್ಲಿಂದಲೇ. ಎದ್ದೀಯೆ, ಜೋಕೆ!