ಗಡ್ಡ ತೆಗೆಸಿದ ಸುದ್ದಿ

ಸವಣೂರು,
ತಾ. 14-2-1961

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಈಗ ಹೇಗಿದೆ? ಮಿರಜದ ಚಳಿ ಅದಕ್ಕೆ ಒಗ್ಗುತ್ತಿಲ್ಲವೆಂದು ಮನೋರಮಾ ಬರೆದಿದ್ದಳು. ಅವಳ ಟೈಫಾಯಿಡ್ ಬಿಟ್ಟಿತೆಂದು ತಿಳಿದು ಸಮಾಧಾನವಾಯಿತು. ಇನ್ನೂ ಕೆಲವು ದಿನ ಗಂಜಿಯ ಮೇಲೆಯೇ ಇರಲಿ. ಚಿಕ್ಕಂದಿನಿಂದಲೂ ನನ್ನ ಈ ತಂಗಿಗೆ ಕಾಯುವುದೆಂದರೆ ಆಗದು. ಇಲ್ಲಿ ನಾನು, ತಮ್ಮ ರಾಘಣ್ಣ, ಅವನ ಹೆಂಡತಿ ಸುಮನ್ ಕ್ಷೇಮವಾಗಿದ್ದೇವೆ. ಈ ಮಾತನ್ನು ಈ ಸಲ ರೂಢಿಗೆಂದು ಬರೆದಿಲ್ಲ. ಇಬ್ಬರನ್ನೂ ಒಮ್ಮೆ ಎದ್ದು ಹೋಗಿ ನೋಡಿ ಬಂದು ಬರೆದಿದ್ದೇನೆ.

ದೀಪಾವಳಿ ಮುಗಿಸಿ ನೀನು ಹೊರಟ ದಿನ ಟಾಂಗಾದಲ್ಲಿ ಕುಳಿತು ರಾಘಣ್ಣನಿಗೆ ಹೇಳಿದ್ದೆ: "ಹೆಂಡ್ತಿ ಬಸುರಿದ್ದಾಂವ ಕತ್ತಿ ಮುಟ್ಟಿಸಿಕೊಳ್ಳಬಾರ್ದು. ನೀ ಮುಟ್ಟಿಸಿಕೊಂಡ್ರ ನಾ ಬಾಣಂತನಕ್ಕ ಬರೂದಿಲ್ಲ." ಸುಮನ್‌ಗೆ ತಾಯಿಯಿಲ್ಲ. ನೀನು ಬಾರದಿದ್ದರೆ ಅವಳಿಗೆ ಯಾರೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಮಾತು ಉಳಿಸಿಕೊಂಡ. ಗಡ್ಡ ಎದೆಯ ಕಡೆಗೆ ಇಳಿಯಿತು. ನಮ್ಮ ಕ್ಷೌರದ ಫಕ್ಕೀರಪ್ಪ ಮನೆ ಮುಂದೆ ಹಾಯುವಾಗಲೆಲ್ಲ, "ಸುಮನಬಾಯಾರಿಗೆ ಹೊಟ್ಟಿ ಬಂದೈತಿ, ನಿಮಗ ದಾಡಿ ಬಂದೈತಿ. ಯಾರದು ಮೊದಲ ಇಳೀತೈತೋ ನೋಡೂಣ್ರಿ" ಎನ್ನುತ್ತಿದ್ದ.

ಗಡ್ಡವನ್ನು ರಾಘಣ್ಣ ಸಹಿಸಿದ. ಸಹಿಸದೇ ಹೋದದ್ದು ಮೂಗಿನ ಕೂದಲನ್ನು. ಮೊದಲು ಪ್ರತಿ ಕ್ಷೌರದ ಕೊನೆಗೆ ಫಕ್ಕೀರಪ್ಪ ಸಣ್ಣ ಕತ್ತರಿಯಿಂದ ಅದನ್ನು ಸವರಿಬಿಡುತ್ತಿದ್ದ. ಈಗ ಕತ್ತರಿಯೂ ನಿಷಿದ್ಧವಾಗಿ ಆ ಕೂದಲು ಹೊರಗೆ ಬಂದು ಮೀಸೆಯೊಡನೆ ಕೂಡಿಕೊಂಡಿತು. ಶಿಗ್ಗಾವಿಯ ಕಚೇರಿಯಲ್ಲಿ ಜನ ತನ್ನ ಕಣ್ಣು ಬಿಟ್ಟು ಮೂಗು ನೋಡುತ್ತಾರೆಂದು ಅವನಿಗೆ ಸಂಕಟ. ಬಸ್ಸಿಗೆ ಹೊರಡುವ ಮೊದಲು ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಬೆರಳಿನಿಂದ ಒಂದೊಂದೇ ಎಳೆ ಕೀಳುವುದು, ಪ್ರತಿ ಎಳೆಗೂ ಸೀನುವುದು ನಡೆಯಿತು. "ಕತ್ತಿ ಇಲ್ಲ, ಕತ್ತರಿ ಇಲ್ಲ. ಅವ್ವನ ಮಾತು ಎಲ್ಲಿ ಮುರದೇನಿ?" ಎಂದ. ಆ ವಾದದಲ್ಲಿ ನನಗೆ ಲೋಪ ಕಾಣಲಿಲ್ಲ. ಅವನ ದೇಹಕ್ಕೆ ಕಂಡಿತು.

ಕಳೆದ ತಿಂಗಳ ಕೊನೆಗೆ ಅವನ ಮೂಗಿನೊಳಗೆ ಒಂದು ಕುರು ಎದ್ದಿತು. ಮೊದಲು ಜೋಳದ ಕಾಳಿನಷ್ಟಿತ್ತು. ಎರಡು ದಿನದಲ್ಲಿ ಮೇಲ್ದುಟಿ ಬಾತಿತು, ಬಲಗಣ್ಣು ಮುಚ್ಚಿಕೊಂಡಿತು, ಮೈ ನಡುಗುವ ಜ್ವರ ಬಂತು. ಪಕ್ಕದ ಮನೆಯ ಯಂಕವ್ವ ಅಂತಃಕರಣದಿಂದಲೇ ಬಂದಳು. "ಹಿಸುಕಿ ಸುಣ್ಣ ಹಚ್ಚಿದ್ರ ನಾಳೆ ಕಚೇರಿಗೆ ಹೊಕ್ಕಾನ" ಎಂದು ಸೆರಗು ಸಿಕ್ಕಿಸಿ ಕುಳಿತಳು. ಸುಮನ್ ಅವಳ ಕೈ ಹಿಡಿದಳು. "ಮುಟ್ಟಬ್ಯಾಡ್ರಿ. ನಮ್ಮವ್ವ ಹಿಂಗ ಹೋದಾಕಿ." ತುಟಿಯ ಮೇಲಿನ ಕುರುವನ್ನು ಯಾರೋ ಹಿಸುಕಿದ್ದರಂತೆ. ಅವಳ ತಾಯಿ ಇಲ್ಲವೆಂಬುದು ನಮಗೆಲ್ಲ ಗೊತ್ತಿತ್ತು. ಹೇಗೆ ಹೋದಳೆಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ನಾನು ಹೋಗಿ ಡಾಕ್ಟರ್ ಮೈಲಾರಲಿಂಗಪ್ಪನವರನ್ನು ಕರೆತಂದೆ. ಅವರು ಬೈಯಲಿಲ್ಲ. "ಮೂಗಿನ ಕೂದಲ ಅಂದ್ರ ಬಾಗಲಕ್ಕ ಕಟ್ಟಿದ ತಟ್ಟಿ ಇದ್ದಂಗ್ರಿ. ಧೂಳ ತಡೀತೈತಿ, ರೋಗ ತಡೀತೈತಿ. ಉದ್ದಾದ್ರ ತುದಿ ಕತ್ತರಸ್ರಿ. ಕಿತ್ರ ಬುಡದಾಗ ಗಾಯ ಆಗಿ ನಂಜು ಹೊಕ್ಕೈತಿ. ಅಲ್ಲಿಂದ ಮೆದುಳಿಗೆ ದಾರಿ ಭಾಳ ಸಮೀಪ" ಎಂದರು. ಇಂಜೆಕ್ಷನ್ ಕೊಟ್ಟರು. ಆಮೇಲೆ, ಈ ಮೀಸೆ ಗಡ್ಡದೊಳಗೆ ಬಾವು ಎಲ್ಲಿಯವರೆಗೆ ಹಬ್ಬಿದೆಯೆಂದು ಕಾಣುತ್ತಿಲ್ಲ, ಕುರುವಿನ ಹತ್ತಿರ ಕತ್ತರಿಯಿಂದ, ಉಳಿದ ಕಡೆ ಕತ್ತಿಯಿಂದ ಎಲ್ಲ ತೆಗೆಸಿ ಎಂದರು.

ರಾಘಣ್ಣ ಆ ಜ್ವರದಲ್ಲಿಯೂ ತಲೆಯಾಡಿಸಿದ. "ಬ್ಯಾಡ. ಅವ್ವ ಬರೂದಿಲ್ಲ" ಎಂದ. ಅವನಿಗೆ ತನ್ನ ಜೀವಕ್ಕಿಂತ ಹೆಂಡತಿಯ ಹೆರಿಗೆ ದೊಡ್ಡದಾಗಿತ್ತು. ಅದನ್ನು ಅವನು ಇದಕ್ಕಿಂತ ಚೆನ್ನಾಗಿ ಹೇಳಲಾರ. ಎಲ್ಲರೂ ಹಿರಿಯನೆಂದು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸುಮನ್ ಸೊಂಟ ಹಿಡಿದು ಎದ್ದು ಹೊರಗೆ ನಡೆದಿದ್ದಳು. ನಮ್ಮ ಓಣಿಯಲ್ಲಿ ಬಸುರಿ ಹೆಂಗಸೊಬ್ಬಳು ಕ್ಷೌರದವನ ಅಂಗಡಿಯ ಮುಂದೆ ನಿಂತದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. ಫಕ್ಕೀರಪ್ಪ ಬಂದನಾದರೂ ಚೀಲ ಬಿಚ್ಚಲಿಲ್ಲ. "ನಾಳೆ ಅಮ್ಮಾರು ಬಂದು ನನ್ನ ಮನಿ ಮುಂದ ನಿಂತು ಕೇಳಿದ್ರ ಏನ್ ಹೇಳ್ಲಿ ಬಾಯಾರ?"

"ನನ್ನ ಹೆಸರು ಹೇಳು. ಕೂಸು ನನ್ನ ಹೊಟ್ಟ್ಯಾಗ ಅದ, ಇವರ ಗಡ್ಡದಾಗ ಇಲ್ಲ. ಕತ್ತಿ ಮೊದಲ ಕುದಿಯೋ ನೀರಾಗ ಹಾಕು."

ಕೆಲಸ ಮುಗಿಯುವವರೆಗೂ ಗಂಡನ ತಲೆಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕುಳಿತಿದ್ದಳು. ಗಡ್ಡ ಹೋದ ಮೇಲೆ ಕೆನ್ನೆಯ ಮೇಲೆ ಕೆಂಪು ಗೆರೆಯೊಂದು ಕಣ್ಣಿನ ಕಡೆಗೆ ಏರಿದ್ದು ಕಂಡಿತು. ಡಾಕ್ಟರು ಆ ರಾತ್ರಿ ನಮ್ಮ ಮನೆಯಲ್ಲಿಯೇ ಉಳಿದರು. ಇಂಜೆಕ್ಷನ್ ಮುಂದುವರಿಯಿತು. ವಾರದೊಳಗೆ ಬಾವು ಇಳಿಯಿತು, ಜ್ವರ ಬಿಟ್ಟಿತು. ನಿನ್ನೆ ಅವನು ರೊಟ್ಟಿ ಕೇಳಿ ಹಾಕಿಸಿಕೊಂಡ. ಹೊಟ್ಟೆಯಲ್ಲಿ ಕೂಸು ಮೊದಲಿನಂತೆಯೇ ಒದೆಯುತ್ತಿದೆಯೆಂದು ಯಂಕವ್ವ ಕೈಯಿಟ್ಟು ನೋಡಿ ಹೇಳಿದ್ದಾಳೆ.

ನಾನು ಯಾವುದಕ್ಕೂ ಬೇಗ ಹಿಗ್ಗುವವನಲ್ಲವೆಂದು ನೀನೇ ದೂರುತ್ತೀ. ಆದರೆ ಈಗ ಪೇಟೆಗೆ ಹೋದಾಗ ಯಾರಾದರೂ "ಆ ಸುಮನಬಾಯಿ ನಿಮ್ಮ ಮನಿ ಸೊಸಿ ಏನ್ರಿ?" ಎಂದು ಕೇಳಿದರೆ ಹೌದೆಂದು ಹೇಳಿ ಸುಮ್ಮನಾಗದೆ, ಅವರು ಮುಂದಿನದನ್ನೂ ಕೇಳಲೆಂದು ನಿಂತುಕೊಳ್ಳುತ್ತೇನೆ. ಇಂಥವಳನ್ನು ಈ ಮನೆಗೆ ಆರಿಸಿ ತಂದವಳು ನೀನು. ಆ ಹೆಮ್ಮೆಯಲ್ಲಿ ನಿನ್ನ ಪಾಲು ಮೊದಲನೆಯದು.

ಮನೋರಮಾಳಿಗೆ ಆಶೀರ್ವಾದ. ರಾಘಣ್ಣ, ಸುಮನ್ ಇಬ್ಬರೂ ನಿನ್ನ ಪಾದಕ್ಕೆ ನಮಸ್ಕಾರ ತಿಳಿಸಿದ್ದಾರೆ. ಅವನ ನಮಸ್ಕಾರ ಮಾತ್ರ ಬೋಳು ಮುಖದ್ದು.

ನಿನ್ನ ಮಗ,
ವಿಠ್ಠಲ

ತಾ. ಕ.: ಲಕೋಟೆ ಅಂಟಿಸುವಾಗ ಸುಮನ್ ತಡೆದು, ಇದನ್ನೂ ಸೇರಿಸಿರೆಂದಳು. ಇದನ್ನೆಲ್ಲ ಬರೆಯಿಸಿದವಳು ಅವಳೇ. ನಾನು ಗಡ್ಡ ತೆಗೆಸಿದ್ದನ್ನು ಬಚ್ಚಿಟ್ಟು ನಿನ್ನನ್ನು ಬಾಣಂತನಕ್ಕೆ ಕರೆಸೋಣವೆಂದಿದ್ದೆ. "ತಿಳೀದ ಬರೂದು ಬ್ಯಾಡ. ತಿಳದು ಬಂದ್ರ ಬರ್ಲಿ" ಎಂದಳು. ನೀನು ಬಾರದಿದ್ದರೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವಳಂತೆ, ಬಟ್ಟೆಯ ಗಂಟು ಕಟ್ಟಿಟ್ಟಿದ್ದಾಳೆ. ಬರುವ ರವಿವಾರವಲ್ಲ, ಅದರ ಮುಂದಿನ ರವಿವಾರ ಕರೀಮಸಾಬನ ಟಾಂಗಾ ಯಲವಿಗಿ ಸ್ಟೇಶನ್ನಿಗೆ ಹೋಗುವುದು ನಿಶ್ಚಯ. ನಿನ್ನನ್ನು ಕರೆತರಲೋ, ಅವಳನ್ನು ಹುಬ್ಬಳ್ಳಿ ಗಾಡಿಗೆ ಹತ್ತಿಸಲೋ, ಅದು ನಿನಗೆ ಬಿಟ್ಟದ್ದು.