ರೊಟ್ಟಿಯ ಚಿತ್ರ

ಮೆಹರ್ ತಿಂಗಳು 15, ಶನಿವಾರ

ಮೂರು ತಿಂಗಳಿಂದ ಯಾರಿಗೂ ಹೇಳಿಲ್ಲ. ಮಕ್ಕಳಿಗೆ ಉತ್ತರ ತೋರಿಸಿಕೊಡುತ್ತಿದ್ದೇನೆ — ಕಣ್ಣಿನಿಂದ.

ಇವತ್ತು ಏಳು ಮಕ್ಕಳು. ಹೆಡ್‌ಫೋನ್ ಹಾಕಿ ಎದುರಿಗೆ ಕೂರಿಸುವುದು, ಆರು ಚಿತ್ರಗಳ ಹಾಳೆ ಇಡುವುದು. ಕಿವಿಯಲ್ಲಿ ಒಂದು ಪದ ಬರುತ್ತದೆ, ಮಗು ಆ ಚಿತ್ರದ ಮೇಲೆ ಬೆರಳಿಡಬೇಕು. ಪದಗಳ ಪಟ್ಟಿ ನೋಡಿ ಸರಿ, ತಪ್ಪು ಗುರುತು ಹಾಕುವುದು ನನ್ನ ಕೆಲಸ. ಚಿತ್ರಗಳೂ ನಾನು ಬರೆದವೇ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಸ್ಫಹಾನಿನ ಈ ಕಿವಿ ಕ್ಲಿನಿಕ್ಕಿನಲ್ಲಿ ಜಾಗ ಸಿಕ್ಕಿದ್ದು ಅದರಿಂದ.

ಶುರುವಾದದ್ದು ರೊಟ್ಟಿಯಿಂದ. ಪದಗಳನ್ನು ಓದಿರುವವರು ರೇಡಿಯೊದವರು. ರೊಟ್ಟಿಗೆ ‘ನಾನ್’ ಎಂದು ಓದಿದ್ದಾರೆ. ಬರೆಯುವುದು ಹಾಗೇ. ಮನೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ‘ನೂನ್’. ಮಳೆಯೂ ಅಷ್ಟೇ — ಪುಸ್ತಕದಲ್ಲಿ ಬಾರಾನ್, ಬಾಯಲ್ಲಿ ಬಾರೂನ್. ಮೂರು ವರ್ಷದ ಹುಡುಗಿಯೊಬ್ಬಳು ಹೆಡ್‌ಫೋನ್ ಕಿತ್ತು, “ಈ ಮಾಮ ಯಾಕೆ ವಾರ್ತೆ ಓದ್ತಿದಾರೆ?” ಅಂದಳು. ಬೆರಳಿಡಲಿಲ್ಲ. ಕಿವಿ ಕೇಳುವ ಮಗುವಿಗೆ ಕೇಳುವುದಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ರೊಟ್ಟಿಯ ಚಿತ್ರ ನೋಡಿದೆ. ಅವಳೂ ನೋಡಿದಳು.

ಆಮೇಲೆ ರೂಢಿಯಾಯಿತು...

ಮೆಹರ್ 18, ಮಂಗಳವಾರ, ಮಧ್ಯಾಹ್ನ

ಪರೀಕ್ಷೆ ಸಿದ್ಧಪಡಿಸುತ್ತಿರುವ ಡಾಕ್ಟರ್ ಸೊತೂದೆ ಹತ್ತಿರ ರೊಟ್ಟಿಯ ವಿಷಯ ಎತ್ತಿದೆ. ಕಣ್ಣಿನ ವಿಷಯ ಎತ್ತಲಿಲ್ಲ.

“ನೀವು ಮನೇಲಿ ನಾನ್ ಅಂತೀರಾ, ಖಾನಂ ಡಾಕ್ಟರ್?”

“ಹತ್ತನೇ ಕ್ಲಾಸು ಮುಗಿಸದವಳು ನಂಗೆ ಫಾರ್ಸಿ ಕಲಿಸ್ತೀಯಾ?” ನಕ್ಕರು. ಆಮೇಲೆ ಬಾಗಿಲಾಚೆ ಇದ್ದ ಜವಾನನಿಗೆ ಕೂಗಿದರು: “ಸಫರ್ ಆಗಾ, ಊಟಕ್ಕೆ ಎರಡು ನೂನ್ ಹೆಚ್ಚಿಗೆ ತನ್ನಿ!”

ಅವರ ಮುಖವನ್ನೇ ನೋಡಿದೆ.

“ಅದು ಊಟ. ಇದು ಪರೀಕ್ಷೆ.”

ಮೆಹರ್ 30, ಭಾನುವಾರ

ಬರ್ಸಾಮ್ ಎರಡನೇ ಸಲ ಬಂದಿದ್ದ. ನಾಲ್ಕು ವರ್ಷ. ಕೆಲವು ಮಕ್ಕಳಿಗೆ ಎರಡು ಸಲ ಮಾಡಿ, ಅಂಕ ಹೊಂದುತ್ತದೆಯೇ ಎಂದು ನೋಡುತ್ತಾರೆ. ಮೂರು ವಾರದ ಹಿಂದೆ ಅವನಿಗೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು. “ಕರೆದ್ರೆ ತಿರುಗೋದೇ ಇಲ್ಲ” ಎಂದ ತಾಯಿಗೆ ಡಾಕ್ಟರ್, “ಕಿವಿ ಚೆನ್ನಾಗಿದೆ, ಹಟ ಅಷ್ಟೇ” ಎಂದು ಕಳಿಸಿದ್ದರು.

ಇವತ್ತು ತಲೆ ಎತ್ತಬಾರದು ಎಂದುಕೊಂಡಿದ್ದೆ. ಎರಡು ಸಲವೂ ಅದೇ ಸುಳ್ಳು ಅಂಕ ಬಂದರೆ ಅದೇ ನಿಜ ಅನ್ನಿಸಿಕೊಳ್ಳುತ್ತದೆ. ಬೆಕ್ಕು — ಬೆರಳು ಬರಲಿಲ್ಲ. ಚೆಂಡು — ಬರಲಿಲ್ಲ. ಇವು ಮನೆಯಲ್ಲೂ ಪುಸ್ತಕದಲ್ಲೂ ಒಂದೇ ಪದಗಳು. ನಾಲ್ಕನೆಯದಕ್ಕೆ ಮೇಜಿನ ಮೇಲೆ ಬಗ್ಗಿದ. ನನ್ನ ಗಲ್ಲ ಹಿಡಿದು ಮುಖ ಎತ್ತಿದ. ಕಣ್ಣು ನೋಡುತ್ತ ಕಾದ.

ತೋರಿಸಲಿಲ್ಲ. ಇಪ್ಪತ್ತೈದಕ್ಕೆ ಆರು ಅಂಕ.

ಆಬಾನ್ ತಿಂಗಳು 1, ಸೋಮವಾರ

ಹೇಳಿದೆ.

“ಎಷ್ಟು ಮಕ್ಕಳಿಗೆ?” ಡಾಕ್ಟರ್ ಕೇಳಿದರು.

“ರೊಟ್ಟಿಗೆ ಮಾತ್ರ ಅಂತ ಶುರು ಮಾಡಿದ್ದು...”

“ಎಷ್ಟು, ಹುಡುಗಿ?”

“ಎಲ್ಲರಿಗೂ ಅಂತಲೇ ಬರ್ಕೊಳ್ಳಿ.”

ಅರವತ್ತೊಂದು ಅಂಕದ ಹಾಳೆ, ಎಲ್ಲವೂ ದಂಡ.

“ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಗೊತ್ತು.”

“ಹೇಳೋಕೆ ಮೂರು ತಿಂಗಳು ಬೇಕಾಯ್ತಾ?”

ಬರ್ಸಾಮ್‌ನ ತಾಯಿಗೆ ಡಾಕ್ಟರೇ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ನನ್ನ ಹೆಸರೂ.

ಆಬಾನ್ 3, ಬುಧವಾರ

ಬರ್ಸಾಮ್‌ನನ್ನು ಮಲಗಿಸಿ, ತಲೆಗೆ ತಂತಿ ಹಚ್ಚಿ ನೋಡಿದರು. ಎರಡೂ ಕಿವಿ ಮಂದ. ಕೇಳುವ ಯಂತ್ರ ಬೇಕು.

ತಾಯಿ ನನ್ನ ಹತ್ತಿರ ಬಂದರು. “ಈ ಮೂರು ವಾರ, ಕೇಳಿಸಿದ್ರೂ ಹಟ ಮಾಡ್ತಾನೆ ಅಂತ ಅವನಿಗೆ ಹೊಡೆದಿದ್ದೀನಿ. ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ.

ಪದಗಳನ್ನು ಹೊಸದಾಗಿ ಓದಿಸುತ್ತಾರಂತೆ. ಕೆಲಸ ಬಿಟ್ಟೆ; ಚಿತ್ರಗಳನ್ನು ಅಲ್ಲೇ ಇಟ್ಟು ಬಂದೆ. ನಾಳೆ ಬೆಳಗ್ಗೆ ಏಳರ ಬಸ್ಸಿಗೆ ನಮ್ಮೂರು ಕಾಶಾನಿಗೆ ಹೋಗುತ್ತೇನೆ.