ಉಳಿದ ಚೀಟಿ

ಹಾಸನ,
೧೯ ಆಗಸ್ಟ್ ೨೦೨೪, ಸೋಮವಾರ

ಪ್ರೀತಿಯ ಯಶೂ,

ಹೇಗಿದ್ದೀಯ ಮಗಳೇ? ವಾಡಿಕೆಗೆ ಕೇಳುತ್ತಿಲ್ಲ, ಉತ್ತರ ಬೇಕು ಅಂತಲೇ ಕೇಳುತ್ತಿದ್ದೇನೆ. ಬೆಳಿಗ್ಗೆ ಏಳುವ ಹೊತ್ತಿಗೆ ಪಾದದ ಊತ ಇಳಿದಿರುತ್ತದೋ, ಹಾಗೇ ಇರುತ್ತದೋ? ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ನಿಲ್ಲುತ್ತದೆಯೇ? ತಲೆನೋವು ಇದೆಯೇ, ಕಣ್ಣ ಮುಂದೆ ಮಿಣುಕು ಮಿಣುಕು ಬರುತ್ತದೆಯೇ? ನಿಮ್ಮ ಬೀದಿಗೆ ಸೊಪ್ಪು ಮಾರಲು ಬರುವ ಮಾಯಮ್ಮ ಹೋದ ವಾರ ಇಲ್ಲಿನ ಮಾರ್ಕೆಟ್ಟಿಗೆ ಬಂದಿದ್ದಳಲ್ಲ, ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ ಮೊದಲು ಹೇಳಿದ್ದೇ ಇದು: “ನಿಮ್ಮ ಮಗಳ ಕಾಲು ಚಪ್ಲಿಗೆ ಓಗ್ತಿಲ್ಲ ಕಣಕ್ಕಾ, ಗ್ವಾಡೆ ಇಡ್ಕಂಡು ನಡೀತಾವ್ಳೆ.” ಏಳು ತಿಂಗಳಿಗೆ ಕಾಲು ಊದುವುದು ಸಹಜ ಅಂತ ಬೇರೆ ತಾಯಂದಿರು ಸಮಾಧಾನ ಮಾಡಿಕೊಳ್ಳಬಹುದು. ಇಪ್ಪತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದ ನನಗೆ ಆ ಸಮಾಧಾನವೂ ಇಲ್ಲ.

ನನ್ನದು ಏನು ಬರೆಯಲಿ. ಮಂಡಿ ನೋವು ಇದ್ದಲ್ಲೇ ಇದೆ. ಇವತ್ತು ಶ್ರಾವಣ ಸೋಮವಾರ. ಎದ್ದವಳೇ ಯೋಚನೆಯಿಲ್ಲದೆ ತಲೆಗೆ ನೀರು ಹಾಕಿಕೊಂಡುಬಿಟ್ಟೆ. ದೀಕ್ಷಾಸ್ನಾನವಾಗಿ ಕ್ರೈಸ್ತಳಾಗಿ ಮೂವತ್ತೆರಡು ವರ್ಷವಾದರೂ ಚನ್ನರಾಯಪಟ್ಟಣದ ನೀಲಗಂಗಮ್ಮನ ಮಗಳಾದ ನನ್ನ ಕೈ ಸೋಮವಾರ ಬಂದರೆ ತಾನಾಗಿ ಚೊಂಬಿಗೆ ಹೋಗುತ್ತದೆ. ಸಭೆಯವರಿಗೆ ಹೇಳಬೇಡ. ಹೇಳಲು ನಿನಗೆ ಸಭೆಯವರೇ ಸಿಗುವುದಿಲ್ಲ ಅನ್ನುವುದೂ ನನಗೆ ಗೊತ್ತು.

ಫೋನ್ ಮಾಡಿದರೆ ಪ್ರತಿ ಸಲವೂ ನಿನ್ನ ಗಂಡ ಪರಮೇಶನೇ ಎತ್ತುತ್ತಾನೆ. “ಪ್ರಾರ್ಥನೇಲವ್ಳೆ” ಅನ್ನುತ್ತಾನೆ. ಇಷ್ಟು ಪ್ರಾರ್ಥನೆ ಯಾವ ಸನ್ಯಾಸಿನಿಯೂ ಮಾಡಿರಲಾರಳು. ಎರಡು ಸಲ ಬಸ್ಸು ಹತ್ತಿ ಅರಕಲಗೂಡಿಗೆ ಬಂದೆ. ಪರಮೇಶ್ ಎರಡು ಸಲವೂ ಗೇಟಿನಲ್ಲೇ ನಿಲ್ಲಿಸಿ, ತವರಿನ ಮಾತು ಕಿವಿಗೆ ಬಿದ್ದರೆ ನಿನ್ನ ನಂಬಿಕೆ ಅಲ್ಲಾಡುತ್ತದೆ ಅಂತ ಬಹಳ ಮೆತ್ತಗೆ ಹೇಳಿ ಕಳಿಸಿದ. ಅವನ ಆ ಮೆತ್ತಗಿನ ದನಿಗೆ ನಿಮ್ಮಪ್ಪ ಮಾರುಹೋಗಿದ್ದರು. ನಾನೂ ಹೋಗಿದ್ದೆ. ಅದಕ್ಕೇ ಈ ಕಾಗದ ದಂಟಿನ ಸೊಪ್ಪಿನ ಕಟ್ಟಿನೊಳಗೆ ನಿನ್ನ ಕೈ ಸೇರಬೇಕಾಗಿದೆ.

ಹೋದ ವರ್ಷವೂ ಹೀಗೇ ಆಯಿತು. ಇದೇ ಊತ, ಇದೇ ತಲೆನೋವು. ಎಂಟನೇ ತಿಂಗಳಲ್ಲಿ ಫಿಟ್ಸ್ ಬಂದು ನಿನ್ನನ್ನು ಆಸ್ಪತ್ರೆಗೆ ತರುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹಿಂದಿನ ದಿನವೇ ತಂದಿದ್ದರೆ ಉಳಿಯುತ್ತಿತ್ತು ಅಂತ ಡಾಕ್ಟರಮ್ಮ ನನ್ನೊಬ್ಬಳಿಗೇ ಹೇಳಿದರು. ಆ ಹಿಂದಿನ ದಿನ ಪೂರ್ತಿ ಪರಮೇಶ್ ನಿನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾ ಕೂತಿದ್ದನಂತೆ. ಮಗುವನ್ನು ಮಣ್ಣು ಮಾಡಿದಲ್ಲಿ ನಿಂತು ಹೇಳಿದ: “ಹುಟ್ಟೋಕೆ ಮುಂಚೇನೇ ಎಲ್ಲಾ ಬರ್ದವನೆ ದೇವರು. ಉಳಿಯೋದು ಉಳೀತದೆ, ಓಗೋದು ಓಯ್ತದೆ.” ತನಗೆ ಜ್ವರ ಬಂದರೆ ಮಾತ್ರೆ ನುಂಗುವ ಮನುಷ್ಯ. ತನ್ನ ಜ್ವರವನ್ನು ದೇವರು ಬರೆದಿಲ್ಲವೋ ಏನೋ. ಅವತ್ತು ನಿನ್ನನ್ನು ತಬ್ಬಿಕೊಂಡು ಮನೆಗೆ ಬಾ ಅಂದೆ. ನೀನು ಒಂದು ಹನಿ ಕಣ್ಣೀರಿಲ್ಲದೆ, “ಚೀಟೀಲಿ ದೇವರೇ ಹೇಳಿದ್ನಲ್ಲಮ್ಮಾ. ಈಗ ಬಂದ್ಬುಟ್ರೆ ಅವನ ಮಾತು ಮೀರಿದಂಗಲ್ವಾ” ಅಂದೆ. ಆ ಮಾತು ಕೇಳಿದಾಗಿನಿಂದ ನನಗೆ ಪ್ರಾರ್ಥನೆ ಬರುವುದಿಲ್ಲ. ಮೊಣಕಾಲೂರುತ್ತೇನೆ, ಹಾಗೇ ಎದ್ದುಬಿಡುತ್ತೇನೆ.

ನಿಮ್ಮಪ್ಪ ಒಳ್ಳೆಯವರಾಗಿದ್ದರು. ಮಿಷನ್ ಆಸ್ಪತ್ರೆಯ ಕಾಂಪೌಂಡರ್ ನಟರಾಜ ಅಂದರೆ ಊರಿಗೆಲ್ಲ ಬೇಕಾದವರು. ಆದರೆ ಒಂದು ಕೊತ್ತಂಬರಿ ಕಟ್ಟು ಕೊಳ್ಳಲಿಕ್ಕೂ ದೇವರನ್ನು ಕೇಳುತ್ತಿದ್ದರು. ಮನೆ ಎಲ್ಲಿ ಮಾಡಬೇಕು, ಕಣ್ಣಿನ ಪೊರೆ ತೆಗೆಸಬೇಕೇ, ನಿನ್ನನ್ನು ಯಾವ ಶಾಲೆಗೆ ಸೇರಿಸಬೇಕು, ಎಲ್ಲಕ್ಕೂ ಚೀಟಿ. ಮುಲಾಮು ಅರೆಯುತ್ತಿದ್ದ ಆ ಪಿಂಗಾಣಿ ಬಟ್ಟಲಲ್ಲಿ ಎರಡು ಚೀಟಿ ಹಾಕಿ, ಪ್ರಾರ್ಥನೆ ಮಾಡಿ, ಒಂದನ್ನು ಎತ್ತುವುದು. ಸ್ವಾಮಿಗೆ ದ್ರೋಹ ಮಾಡಿದ ಯೂದನ ಜಾಗಕ್ಕೆ ಅಪೊಸ್ತಲರು ಇನ್ನೊಬ್ಬನನ್ನು ಚೀಟಿ ಹಾಕಿಯೇ ತಾನೇ ಆರಿಸಿದ್ದು ಅನ್ನುತ್ತಿದ್ದರು. “ನಮ್ದು ಕುಲ್ಡು ಬುದ್ಧಿ ಕಣೇ, ಅವನ್ಗೆ ಕಾಣ್ತದೆ.” ಬರೆದವರು ಎತ್ತಬಾರದು, ಎತ್ತುವವರು ಬರೆಯಬಾರದು, ಉಳಿದ ಚೀಟಿಯನ್ನು ಬಿಚ್ಚಬಾರದು, ಒಲೆಗೆ ಹಾಕಬೇಕು. ಬಿಚ್ಚಿ ನೋಡಿದರೆ ದೇವರನ್ನು ನಂಬಲಿಲ್ಲ ಅಂತ ಅರ್ಥ. ಅವರ ಕೈ ನಡುಗಲು ಶುರುವಾದ ಮೇಲೆ ಬರೆಯುವ ಕೆಲಸ ನನಗೆ ಬಂತು.

ಒಂದು ಸಲ ನಾನು ತಮಾಷೆಗೆ, ಇದು ನಮ್ಮೂರ ವೀರಭದ್ರನ ಗುಡಿಯಲ್ಲಿ ಹೂ ಕೇಳಿದ ಹಾಗೇ ಇದೆ ಅಂದೆ. ನಿಮ್ಮಪ್ಪ ತಟ್ಟೆ ಬಿಟ್ಟು ಎದ್ದುಹೋದರು. ನನ್ನ ಅವ್ವ ಹೂ ಕೇಳದೆ ಹೊಲಕ್ಕೆ ಬೀಜ ಹಾಕಿಸುತ್ತಿರಲಿಲ್ಲ. ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಿದ್ದರು. ಬಲಗಡೆಯದು ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ನಾನು ಎಂಟು ವರ್ಷದವಳು, ಕಂಬದ ಪಕ್ಕ ಕೂತು ನೋಡುತ್ತಿದ್ದೆ. ಪೂಜಾರಿ ತನಗೆ ಬೇಡದ ಹೂವಿಗೆ ಗಂಧ ಸ್ವಲ್ಪ ಜಾಸ್ತಿ ಮೆತ್ತುತ್ತಿದ್ದ, ಅದು ಸಂಜೆಯಾದರೂ ಬೀಳುತ್ತಿರಲಿಲ್ಲ. ಅವ್ವನಿಗೆ ಹೇಳಿದ್ದಕ್ಕೆ ಕೆನ್ನೆಗೆ ಒಂದು ಬಿತ್ತು. ಈ ಕಥೆ ನಿನಗೆ ಚಿಕ್ಕವಳಿದ್ದಾಗ ಹೇಳಿ ನಗಿಸಿದ್ದೆ, ನೆನಪಿರಬಹುದು.

ಆಮೇಲೆ ನಿನ್ನ ಸರದಿ ಬಂತು. ನೀನು ಹೊಳೆನರಸೀಪುರದ ಶಾಲೆಗೆ ಪಾಠ ಮಾಡಲು ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ ಕಾಲ. ಹಳ್ಳಿಮೈಸೂರಿನ ದಿಲೀಪ್, ಹಾಲಿನ ಡೈರಿಯ ಹುಡುಗ, ಒಂದು ಭಾನುವಾರ ನಿನ್ನನ್ನು ಕೇಳಲು ಮನೆಗೇ ಬಂದು ಚಾಪೆಯ ಮೇಲೆ ಕೂತು, “ನಿಮ್ಮ ಗುಡಿಗೆ ಬೇಕಾದ್ರೂ ಬತ್ತೀನಿ ಸಾ, ಹೆಸರು ಮಾತ್ರ ಬದ್ಲಾಯಿಸ್ಕೊಳಲ್ಲ” ಅಂದ. ಅವನನ್ನು ಕಂಡರೆ ನಿಮ್ಮಪ್ಪನಿಗೆ ಇಷ್ಟವಾಗಿತ್ತು, ನಿಜ ಹೇಳುತ್ತೇನೆ. ಅತ್ತ ಪರಮೇಶನ ಕಡೆಯವರೂ ಕೇಳಿ ಕಳಿಸಿದ್ದರು. ದೇವರೇ ಹೇಳಲಿ ಅಂದರು ನಿಮ್ಮಪ್ಪ. ನೀನೂ ಒಪ್ಪಿದೆ. ಎಂಥ ಧೈರ್ಯವಿತ್ತು ನಿನ್ನ ಮುಖದಲ್ಲಿ, ದೇವರು ನಿನ್ನ ಕಡೆಗೇ ಇದ್ದಾನೆ ಅನ್ನುವ ಧೈರ್ಯ. ದಿಲೀಪನಿಗೆ ‘ಸರಿ’ ಅಂತ ಒಂದು, ‘ಬೇಡ’ ಅಂತ ಒಂದು. ನೀನೇ ಕೈ ಹಾಕಿದೆ, ನೀನೇ ಎತ್ತಿದೆ, ನೀನೇ ಓದಿದೆ. ‘ಬೇಡ’ ಅಂತ ಇತ್ತು, ಅಂದರೆ ಪರಮೇಶನೇ ಅಂತ. ಅಳಲಿಲ್ಲ, ವಾದ ಮಾಡಲಿಲ್ಲ. ಉಳಿದದ್ದನ್ನು ಒಮ್ಮೆ ನೋಡಲೇ ಅಪ್ಪಾ ಅಂತ ಮಾತ್ರ ಕೇಳಿದೆ. ಬೇಡಮ್ಮಾ ಅಂದರು. ನಾನು ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಹೋದ ತಿಂಗಳು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ದಿಲೀಪ್ ಸಿಕ್ಕಿದ್ದ. ಪಕ್ಕದಲ್ಲಿ ಹೆಂಡತಿ ಆಶಾರಾಣಿ, ಅವಳ ಮಡಿಲಲ್ಲಿ ಒಂದು ಹೆಣ್ಣುಮಗು. “ಯಶಸ್ವಿನಿ ಚೆನ್ನಾಗವ್ರಾ ಅಮ್ಮಾ?” ಅಂತ ಕೇಳಿದ. ಚೆನ್ನಾಗಿದ್ದಾಳಪ್ಪಾ ಅಂದೆ.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಪಾದ್ರಿ ಅಯ್ಯನವರನ್ನು ಹಿಡಿದುಕೊಂಡೆ. ಅವರಿಗೀಗ ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ, ಸರಿಯಿರುವ ಕಿವಿಯ ಪಕ್ಕ ಕೂತು ಕೇಳಿದೆ. ಎಲ್ಲ ಮೊದಲೇ ನಿಶ್ಚಯವಾಗಿದ್ದರೆ ಮನುಷ್ಯನ ತಪ್ಪು ಏನು, ಅಯ್ಯನವರೇ? ಫರೋಹ ರಾಜನ ಹೃದಯವನ್ನು ದೇವರೇ ಕಲ್ಲು ಮಾಡಿ ಆಮೇಲೆ ಅವನನ್ನೇ ಶಿಕ್ಷಿಸಿದ್ದು ಯಾವ ನ್ಯಾಯ? ಅವರು ಕನ್ನಡಕ ಒರೆಸುತ್ತಾ ಹೇಳಿದರು: “ದೇವರಿಗೆ ಮೊದಲೇ ಗೊತ್ತಿರೋದು ಬೇರೆ, ದೇವರೇ ಮಾಡ್ಸೋದು ಬೇರೆ ಅಂತ ಕಾಲೇಜಲ್ಲಿ ಹೇಳ್ಕೊಟ್ರು ಕಣವ್ವಾ. ನಲವತ್ತು ವರ್ಸ ಅದ್ನೇ ನಾನೂ ಹೇಳ್ದೆ. ನನ್ನ ಮಟ್ಟಿಗೆ ಇನ್ನೂ ಕೂಡಿ ಬಂದಿಲ್ಲ.” ಆ ಮಾತಿನಲ್ಲಿ ಅರ್ಧ ನನಗೆ ಹಿಡಿಸಿತು. ವಾರ್ಡಿನಲ್ಲಿ ಎಷ್ಟೋ ಸಲ ಬೆಳಿಗ್ಗೆ ಮುಖ ನೋಡಿದರೆ ಸಾಕು, ಈಕೆ ಉಳಿಯುವುದಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ನನಗೆ ಗೊತ್ತಾಯಿತು ಅಂತ ಯಾರೂ ಸಾಯಲಿಲ್ಲ. ಆದರೆ ನಾನು ಆಯಾ, ಅವರನ್ನು ಹುಟ್ಟಿಸಿದವಳಲ್ಲ. ಗೊತ್ತಿದ್ದೂ ಹುಟ್ಟಿಸಿದವನನ್ನು ಏನಂತ ಕರೆಯಬೇಕು? ಇದನ್ನೂ ಕೇಳಿದೆ. ಅವರು, ಯೂದ ದ್ರೋಹ ಮಾಡುತ್ತಾನೆ ಅಂತಲೂ ಮೊದಲೇ ಹೇಳಿತ್ತು, ಪೇತ್ರ ತನ್ನ ಗುರುವನ್ನೇ ಗುರುತಿಲ್ಲ ಅನ್ನುತ್ತಾನೆ ಅಂತಲೂ ಹೇಳಿತ್ತು, ಇಬ್ಬರೂ ಹೇಳಿದ ಹಾಗೇ ಮಾಡಿದರು ಅಂದರು. “ಮಾಡಿದ್ ಮ್ಯಾಲೆ ಏನ್ ಮಾಡಿದ್ರು ಅನ್ನೋದ್ರಲ್ಲಿ ವ್ಯತ್ಯಾಸ. ಒಬ್ಬ ಹಗ್ಗದ ಕಡೆ ಹೋದ, ಒಬ್ಬ ಅತ್ಕಂಡು ತಿರುಗಿ ಬಂದ.” ನೀನ್ಯಾಕೆ ಇದನ್ನೆಲ್ಲ ಕೇಳುತ್ತೀಯ ಅಂದರು. ಮಹಿಳಾ ಕೂಟದಲ್ಲಿ ಪಾಠ ಮಾಡಬೇಕು ಅಂತ ಸುಳ್ಳು ಹೇಳಿ ಎದ್ದು ಬಂದೆ.

ಅಂದಿನಿಂದ ಇದನ್ನೇ ಅರೆಯುತ್ತಿದ್ದೇನೆ. ಎಲ್ಲ ಅವನೇ ಬರೆದಿದ್ದಾನೆ ಅಂದರೆ ನಾನು ನಿರಪರಾಧಿ. ಆ ನಿರಪರಾಧಿ ಪಟ್ಟ ನನಗೆ ಬೇಡ, ಅದನ್ನು ಕಟ್ಟಿಕೊಂಡೇ ಪರಮೇಶ್ ನೆಮ್ಮದಿಯಾಗಿ ಉಣ್ಣುತ್ತಿದ್ದಾನೆ. ಎಲ್ಲ ನಮ್ಮ ಕೈಯಲ್ಲೇ ಇದೆ ಅಂದರೆ ಆ ಪುಟ್ಟ ಮಗುವನ್ನು ಮಣ್ಣಿಗೆ ಹಾಕಿದ್ದೂ ನಮ್ಮ ಕೈಯೇ. ನಾವು ಕೈಯಾರೆ ಹಾಳು ಮಾಡುವಾಗ ಅವನು ಎಲ್ಲಿದ್ದ, ಯಾಕೆ ಸುಮ್ಮನೆ ನೋಡುತ್ತಿದ್ದ? ನನಗೆ ಉತ್ತರ ಸಿಕ್ಕಿಲ್ಲ ಯಶೂ, ಈ ಜನ್ಮದಲ್ಲಿ ಸಿಗುತ್ತದೆ ಅನ್ನುವ ಆಸೆಯೂ ಇಲ್ಲ. ಭಾನುವಾರ ಎಲ್ಲರ ಜೊತೆ ನಿಂತು ಹಾಡುತ್ತೇನೆ, ಒಳಗೆ ಏನೂ ಇರುವುದಿಲ್ಲ. ನೀನಾದರೂ ಉಳಿಯಬೇಕು ಅನ್ನುವುದೊಂದೇ ಈಗ ನನಗೆ ಉಳಿದಿರುವ ಭಕ್ತಿ.

ಈಗ ಗಮನ ಕೊಟ್ಟು ಓದು. ಗುರುವಾರ ಪರಮೇಶ್ ಉಪವಾಸ ಕೂಟಕ್ಕೆ ಬೆಳಿಗ್ಗೆಯೇ ಹೋಗುತ್ತಾನೆ ಅಂತ ಮಾಯಮ್ಮ ಹೇಳಿದ್ದಾಳೆ. ಹತ್ತು ಗಂಟೆಗೆ ಅವಳ ಅಳಿಯ ತಮ್ಮಯ್ಯನ ಆಟೋ ನಿಮ್ಮ ಹಿಂದಿನ ಬೀದಿಯಲ್ಲಿ ನಿಂತಿರುತ್ತದೆ. ಬಟ್ಟೆ ಬರೆ ಏನೂ ಬೇಡ, ತಾಯಿ ಕಾರ್ಡ್ ಒಂದು ತೆಗೆದುಕೊ. ನಾನು ಒಂಬತ್ತಕ್ಕೇ ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ. ಅಲ್ಲಿಂದ ನೇರ ಹಾಸನದ ಆಸ್ಪತ್ರೆಗೆ. ಡಾಕ್ಟರಮ್ಮನಿಗೆ ಹೇಳಿದ್ದೇನೆ, ಮಂಚ ಇಟ್ಟಿರುತ್ತಾರೆ. ಅಲ್ಲಿಯವರೆಗೆ ಎಡಗಡೆಗೆ ಮಲಗು, ಭಾರ ಎತ್ತಬೇಡ. ನಡುವೆ ಫಿಟ್ಸ್ ಬಂದ ಹಾಗಾದರೆ, ಕಣ್ಣು ಮಂಜಾದರೆ, ಗುರುವಾರದ ತನಕ ಕಾಯಬೇಡ, ಬೀದಿಗೆ ಬಂದು ಕೂಗು.

ನಿನ್ನ ಹೊಟ್ಟೆಯ ಮೇಲೆ ನನ್ನ ಕೈ ಇದೆ ಅಂದುಕೋ. ಇದಕ್ಕಿಂತ ದೊಡ್ಡ ಆಶೀರ್ವಾದ ಕೊಡುವ ಯೋಗ್ಯತೆ ನನ್ನದಲ್ಲ.

ನಿನ್ನ
ಅಮ್ಮ,
ಪ್ರೇಮಕುಮಾರಿ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಮಾಯಮ್ಮ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತು, ಬಸ್ಸು ಓಯ್ತದೆ ಅಂತ ಗೊಣಗುತ್ತಿದ್ದಾಳೆ. ಅವತ್ತು ಉಳಿದ ಚೀಟಿಯನ್ನು ನಾನು ಒಲೆಗೆ ಹಾಕಲಿಲ್ಲ. ಇದರ ಜೊತೆಗೆ ಇಟ್ಟಿದ್ದೇನೆ, ಬಿಚ್ಚಿ ನೋಡು. ಅದರಲ್ಲೂ ‘ಬೇಡ’ ಅಂತಲೇ ಇದೆ. ಎರಡರಲ್ಲೂ ನಾನು ಅದನ್ನೇ ಬರೆದೆ. ಮತ ಬಿಟ್ಟೆ ಅಂತ ನನ್ನ ಅವ್ವ ಸಾಯುವಾಗಲೂ ನನಗೆ ಬಾಗಿಲು ತೆಗೆಯಲಿಲ್ಲ, ಅಷ್ಟು ಕಳೆದುಕೊಂಡು ನಾನು ಬಂದ ದಾರಿಯನ್ನು ನೀನು ಬಿಟ್ಟು ಹೋಗಿಬಿಡುತ್ತೀಯ ಅಂತ ಹೆದರಿದೆ. ನಿಮ್ಮಪ್ಪ ಇದು ಗೊತ್ತಿಲ್ಲದೆಯೇ ತೀರಿಹೋದರು. ಗಂಧ ಮೆತ್ತಿದವಳು ನಾನು, ಯಶೂ. ದೇವರ ಮಾತು ಅಂತ ನೀನು ಮೂರು ವರ್ಷದಿಂದ ಹಿಡಿದುಕೊಂಡಿರುವುದು ನನ್ನ ಕೈಬರಹ, ಅದನ್ನು ಮೀರಿದರೆ ಯಾವ ಪಾಪವೂ ಇಲ್ಲ. ಗುರುವಾರ ಆಟೋ ಹತ್ತು. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಮುಖ ತಿರುಗಿಸಬೇಕು ಅನ್ನಿಸಿದರೆ ತಿರುಗಿಸು, ಬೇರೆ ಸೀಟಿನಲ್ಲಿ ಕೂರು, ಆಸ್ಪತ್ರೆಗೆ ಮಾತ್ರ ಬಾ.